ಹದಿನಾರನೇ ಪಾಠಕ್ಕೆ ಹೊಡೆದ ಪಿನ್ನು

ಪೊನ್ನುರಂಗಂ ಮೇಷ್ಟ್ರ ವಿಜ್ಞಾನ ಬೋಧನೆಗೆ ಜೇಬಿನಲ್ಲಿ ಸ್ಟೇಪ್ಲರ್ ಇರಲೇಬೇಕು. ಪ್ರತಿ ಜೂನ್‌ನಲ್ಲಿ ಹೊಸ ಪುಸ್ತಕ ಬಂದೊಡನೆ, ಹುಡುಗ ಹುಡುಗಿಯರು ದೊಡ್ಡವರಾಗುವ ಹದಿನಾರನೇ ಪಾಠದ ಆರು ಪುಟಗಳಿಗೆ ಪಿನ್ ಹೊಡೆದು, "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಹದಿನೇಳಕ್ಕೆ ಹಾರುತ್ತಿದ್ದರು. ಹದಿನೆಂಟು ವರ್ಷ ಹೀಗೆ ಹಾರಿದ್ದರು. ಮಕ್ಕಳು ಮಾತ್ರ ಪಾಠಕ್ಕೆ ಕಾಯದೆ ದೊಡ್ಡವರಾಗುತ್ತಲೇ ಇದ್ದರು.

ಈ ಸಲ ಹೆಡ್‌ಮಾಸ್ಟರ್ ಅರುಳಪ್ಪನ್ ಅಡ್ಡ ನಿಂತರು. "ಶಿಕ್ಷಣಾಧಿಕಾರಿ ತಿಲಗವತಿ ಮೇಡಂ ಶುಕ್ರವಾರ ಅದೇ ಪಾಠಕ್ಕೆ ಬಂದು ಕೂರ್ತಾರಂತೆ ಕಣ್ರೀ. ನೀವು ಬಾಯಿ ಬಿಡಲಿಲ್ಲ ಅಂದ್ರೆ ರಾಮೇಶ್ವರದ ಆಚೆ ಮರಳುದಿಬ್ಬದ ಶಾಲೆಗೆ ವರ್ಗ. ಏಡಿಗಳಿಗೆ ಪಾಠ ಮಾಡ್ಕೊಂಡಿರಿ."

ಬಾಯಿ ಬಿಡದೆ ಬದುಕುವ ಉಪಾಯ ಮೇಷ್ಟ್ರಿಗೆ ಹೊಳೆಯಿತು. ದೊಡ್ಡ ಚಿತ್ರಪಟ ತೂಗುಹಾಕಿದರೆ ಕೋಲೇ ಮಾತಾಡುತ್ತದೆ. ಚಿತ್ರ ಬರೆದು ಕರುತ್ತಪಾಂಡಿಯ ಫ್ಲೆಕ್ಸ್ ಅಂಗಡಿಗೆ ಕೊಟ್ಟರು. ತಂಗಿಯ ಮಗಳು ಯಾಳಿನಿ ಮೈನೆರೆದಿದ್ದಳು. ಅವಳಿಗೆ ಆರತಿ ಎತ್ತುವ ಶಾಸ್ತ್ರವೂ ಅದೇ ಶುಕ್ರವಾರ ಸಂಜೆ. ಸೋದರಮಾವ ಹಾಕಿಸಬೇಕಾದ ಬ್ಯಾನರ್ ಕೂಡ ಅದೇ ಅಂಗಡಿಯಲ್ಲಿತ್ತು. ಪರಮಕುಡಿ ಅಂಥ ಊರು: ಹುಡುಗಿ ದೊಡ್ಡವಳಾದರೆ ಸರ್ಕಲ್ಲಿನಲ್ಲಿ ಹನ್ನೆರಡಡಿಯ ಬ್ಯಾನರ್, ಮೈಕ್‌ಸೆಟ್, ಮೆರವಣಿಗೆ. ಹೇಗೆ ದೊಡ್ಡವಳಾದಳು ಎಂದು ತರಗತಿಯಲ್ಲಿ ಹೇಳಿದರೆ ಮಾತ್ರ ಊರಿನ ಮಾನ ಹೋಗುತ್ತದೆ.

ಶುಕ್ರವಾರ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಅಂಗಡಿಯಿಂದ ಬಂದ ಸುರುಳಿ ಬಿಚ್ಚಿ ಗೋಡೆಗೆ ತೂಗುಹಾಕಿದರು. ಕಿರೀಟ ತೊಟ್ಟ ಯಾಳಿನಿ ನವಿಲಿನ ಮೇಲೆ ಕೂತಿದ್ದಳು. ಕೆಳಗೆ ಸಾಲಾಗಿ ಕಪ್ಪು ಕನ್ನಡಕದ ಮಾವಂದಿರು.

"ಸಾರ್, ಊಟಕ್ಕೆ ನಮ್ಮನ್ನೂ ಕರೀತೀರಾ?" ಎಂದಿತು ಒಂದು ಒಡಕು ದನಿ.

ಮೇಡಂ ಕತ್ತು ಚಾಚಿದರು. "ಇದರಲ್ಲಿ ಪಿಟ್ಯುಟರಿ ಗ್ರಂಥಿ ಯಾವುದು ಮೇಷ್ಟ್ರೇ? ಕನ್ನಡಕ ಹಾಕಿರೋರಾ?"

ಇದು ಇಲ್ಲಿದ್ದರೆ ಅದು ಎಲ್ಲಿ? ಮೇಷ್ಟ್ರು "ಒಂದೇ ನಿಮಿಷ ಮೇಡಂ" ಎಂದು ಬಾಲಕ್ಕೆ ಬೆಂಕಿ ಬಿದ್ದವರಂತೆ ಸರ್ಕಲ್ಲಿಗೆ ಓಡಿದರು.

ಅದು ಅಲ್ಲೇ ಇತ್ತು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಮೆದುಳಿನಿಂದ ಕೆಳಕ್ಕೆ ಇಳಿದ ಕೆಂಪು ಬಾಣಗಳು. ಮೂಲೆಯಲ್ಲಿ ಕೈಮುಗಿದ ಮೇಷ್ಟ್ರ ಫೋಟೋ: 'ಸರ್ವರಿಗೂ ಸ್ವಾಗತ ಕೋರುವ ಸೋದರಮಾವ.'

ಏಣಿಯ ಮೇಲಿಂದ ಕರುತ್ತಪಾಂಡಿ ಹೇಳಿದ, "ಎರಡೂ ಒಂದೇ ವಿಷಯ ತಾನೇ ಸಾರ್? ಆರತಿಗೆ ಹೊಸ ಡಿಸೈನ್ ಅಂದ್ಕೊಂಡೆ. ನಿಮ್ಮ ಫೋಟೋ ಇರಲಿಲ್ಲ, ನಾನೇ ಹಾಕ್ದೆ."

ಎರಡೂ ಒಂದೇ ವಿಷಯ. ಹದಿನೆಂಟು ವರ್ಷದ ವಿಜ್ಞಾನದ ಮೇಷ್ಟ್ರು ಬ್ಯಾನರ್ ಕೀಳಲು ಏಣಿಯತ್ತ ನುಗ್ಗಿದರು.

ಅಷ್ಟರಲ್ಲಿ ಜನ ಮುತ್ತಿಕೊಂಡರು. ಟೀ ಅಂಗಡಿಯ ಪೇಚ್ಚಿಯಮ್ಮ ತೋಳು ಹಿಡಿದಳು. "ಈ ಬಾಣ ಹುಡುಗನ ಗಂಟಲಿಗೆ ಯಾಕೆ ಚುಚ್ಚಿದೆ? ಹೇಳೋವರೆಗೂ ಬಿಡಲ್ಲ."

"ಮೆದುಳಿನ ಕೆಳಗೆ ಬಟಾಣಿಯಷ್ಟು ಗ್ರಂಥಿ ಇದೆ ಅಮ್ಮಾ. ವಯಸ್ಸು ಬಂದಾಗ ಅದು ರಕ್ತದಲ್ಲಿ ಹಾರ್ಮೋನ್ ಅನ್ನೋ ಓಲೆ ಕಳಿಸುತ್ತೆ. ಹುಡುಗರಲ್ಲಿ ವೃಷಣಕ್ಕೆ, ಹುಡುಗಿಯರಲ್ಲಿ ಅಂಡಾಶಯಕ್ಕೆ. ಅವು ತಮ್ಮ ಹಾರ್ಮೋನ್ ಬಿಡ್ತವೆ. ಹುಡುಗನಿಗೆ ಗಂಟಲು ಒಡೆಯುತ್ತೆ, ಮೀಸೆ ಬರುತ್ತೆ. ಹುಡುಗಿ ಮುಟ್ಟಾಗ್ತಾಳೆ."

"ಮೊಮ್ಮಗ ಐಸ್ ತಿಂದು ಗಂಟಲು ಕೆಡಿಸ್ಕೊಂಡ ಅಂತ ತಿಂಗಳಿಂದ ಕಷಾಯ ಕುಡಿಸ್ತಿದೀನಲ್ಲಪ್ಪಾ."

"ನಿಲ್ಸಿ, ಪಾಪ."

ಒಬ್ಬರಾದ ಮೇಲೊಬ್ಬರು ಕೇಳಿದರು. ಏಣಿ ತಲುಪುವ ಆತುರದಲ್ಲಿ ಮೇಷ್ಟ್ರು ಎಲ್ಲರಿಗೂ ಹೇಳಿದರು. ಹದಿನಾರನೇ ಪಾಠ ಮುಗಿದೇಹೋಯಿತು.

ಫೋನ್ ಬಡಿದುಕೊಂಡಿತು. ತಂಗಿ. "ಅಣ್ಣಾ, ಬ್ಯಾನರಲ್ಲಿ ನಿನ್ನ ಮುಖ ಇದೆ, ನನ್ನ ಮಗಳದು ಇಲ್ಲ. ವಯಸ್ಸಿಗೆ ಬಂದಿದ್ದು ನೀನೋ ಅವಳೋ?"

ಹಿಂದೆ ಚಪ್ಪಾಳೆ ಕೇಳಿಸಿತು. ಜೀಪಿನಿಂದ ಮೇಡಂ ಇಳಿಯುತ್ತಿದ್ದರು. "ಊರಿಗೇ ಪಾಠ ಮಾಡೋ ಮೇಷ್ಟ್ರನ್ನ ಇವತ್ತೇ ನೋಡಿದ್ದು. ನಿಮ್ಮನ್ನ ವರ್ಗ ಮಾಡಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂತು.

"ಜಿಲ್ಲೆಯ ಅರವತ್ತೆರಡು ಶಾಲೇಲೂ ಈ ಪಾಠ ಇನ್ಮೇಲೆ ನೀವೇ ಮಾಡ್ತೀರಿ, ವರ್ಷಾ ವರ್ಷಾ. ಬ್ಯಾನರ್ ಬಿಚ್ಚಿಸ್ಕೊಳ್ಳಿ, ಫೋಟೋ ಇರ್ಲಿ. ಸೋಮವಾರ ಮರಳುದಿಬ್ಬದಿಂದ ಶುರು."

ಶಾಲೆಗಳ ಪಟ್ಟಿ ಎರಡು ಹಾಳೆಯಿತ್ತು. ಮೇಡಂ ಸಹಿ ಹಾಕಿ, "ಇದಕ್ಕೊಂದು ಪಿನ್ ಸಿಗುತ್ತಾ?" ಎಂದರು.

ಪೊನ್ನುರಂಗಂ ಮೇಷ್ಟ್ರು ಜೇಬಿಗೆ ಕೈಹಾಕಿದರು.