ನಮ್ಮ ಅತ್ತೆಯ ಗೋಧಿ ಕಾವಲು

ಪೊಲೀಸರ ನಾಯಿ ಕಳ್ಳನನ್ನು ಹುಡುಕುವುದಕ್ಕಿಂತ ಬೇಗ ನಮ್ಮ ಅತ್ತೆ ಗೋಧಿಯನ್ನು ಹುಡುಕುತ್ತಾರೆ. ಈ ಮಾತನ್ನು ಅವರ ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಅವರಿಗೆ ಓದಲು ಬರುವುದಿಲ್ಲವೆಂಬ ಒಂದೇ ಭರವಸೆಯ ಮೇಲೆ ಬರೆಯುತ್ತಿದ್ದೇನೆ.

ನೀವು ನಮ್ಮ ಮನೆಗೆ ಬಂದಿರಿ ಎನ್ನಿ. ಮೊದಲು ನಿಮ್ಮ ಕೈಚೀಲದ ತಪಾಸಣೆಯಾಗುತ್ತದೆ. ಬಿಸ್ಕಿಟು, ಖಾರಿ, ರವೆ ಉಂಡೆ ಇದ್ದರೆ ಅವು ಹೊರಗಿನ ಕಟ್ಟೆಯ ಮೇಲೇ ಉಳಿಯುತ್ತವೆ. ಆಮೇಲೆ "ಮುಂಜಾನೆ ಏನ್ ತಿಂದೀರಿ?" ಎಂಬ ವಿಚಾರಣೆ. ಚಪಾತಿ ಎಂದಿರೋ, ಬಾಯಿ ಮುಕ್ಕಳಿಸದೆ ಹೊಸ್ತಿಲು ದಾಟುವ ಹಾಗಿಲ್ಲ. ಕಲಘಟಗಿಯಿಂದ ಬಂದ ನನ್ನ ಸ್ವಂತ ತಮ್ಮನಿಗೂ ರಿಯಾಯಿತಿ ಸಿಗಲಿಲ್ಲ. "ಅಕ್ಕಾ, ಕಾಲ ತೊಳಕೊಂಡ ಒಳಗ ಬರೂದು ಗೊತ್ತಿತ್ತು. ಹಲ್ಲ ತಿಕ್ಕೊಂಡ ಬರೂದು ಇವತ್ತ ಕಲತೆ ನೋಡು" ಎಂದು ಅವನು ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದ.

ಇಷ್ಟಕ್ಕೂ ನಾವು ಗೋಧಿ ಬೆಳೆಯುವ ಜನ. ಊರು ಮೊರಬ, ಎರೆ ಹೊಲ. ಹಿಂಗಾರಿಗೆ ಜೋಳ, ಕಡಲೆಯ ಜೊತೆ ಗೋಧಿಯೂ ಇರಲೇಬೇಕು. ಅತ್ತೆಯವರ ಕೈಯ ಗೋಧಿ-ಬೆಲ್ಲದ ಮಾದಲಿ ತಿನ್ನಲಿಕ್ಕೆ ಬೀಗರು ನೆಪ ಹುಡುಕಿಕೊಂಡು ಬರುತ್ತಿದ್ದರು. ಅಂಥ ಮನೆಯಲ್ಲಿ ಎಂಟು ವರ್ಷದ ನನ್ನ ಮಗಳಿಗೆ ಗೋಧಿಯೇ ಆಗದ ಬ್ಯಾನಿ ಬಂತು.

ಎರಡು ವರ್ಷ ಅದು ಏನೆಂದೇ ಗೊತ್ತಾಗಲಿಲ್ಲ. ಹೊಟ್ಟೆ ಉಬ್ಬುವುದು, ಭೇದಿ, ಕೈಕಾಲು ಕಡ್ಡಿ. ಜಂತಿನ ಗುಳಿಗೆ ಆಯಿತು, ದೃಷ್ಟಿ ತೆಗೆದದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು. ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಅವಳು ಒಂದು ದಿನವೂ ಹಸಿವು ಎನ್ನುತ್ತಿರಲಿಲ್ಲ. ಬೇರೆ ಮಕ್ಕಳು ಶಾಲೆಯಿಂದ ಬಂದು ಪಾಟಿಚೀಲ ಒಗೆದು ಡಬ್ಬಿಗೆ ಕೈ ಹಾಕುತ್ತವೆ. ಇವಳು ಬಂದು ಗೋಡೆಗೆ ಒರಗಿ ಕೂಡುತ್ತಿದ್ದಳು. ತುತ್ತು ಹಿಡಿದು ಅವಳ ಹಿಂದೆ ಅಂಗಳ ಸುತ್ತುವುದೇ ನನಗೂ ಅತ್ತೆಗೂ ಕೆಲಸವಾಗಿತ್ತು.

ಕೊನೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ರಕ್ತ ತೆಗೆದು, ಗಂಟಲಲ್ಲಿ ನಳಿಕೆ ಇಳಿಸಿ ನೋಡಿ, ಇದಕ್ಕೆ ಸೀಲಿಯಾಕ್ ಅನ್ನುತ್ತಾರೆ ಎಂದರು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಶ ಇರುತ್ತದಂತೆ, ಅದು ಈ ಮಗುವಿನ ಕರುಳನ್ನು ಕೆಡಿಸುತ್ತದಂತೆ. ಔಷಧವಿಲ್ಲ, ಜೀವಮಾನಪೂರ್ತಿ ಗೋಧಿ ಬಿಡುವುದೇ ಔಷಧ. ರವೆ, ಮೈದಾ, ಶಾವಿಗೆ ಯಾವುದೂ ಬೇಡ, ಒಂದು ಚಿಟಿಕೆ ಕೂಡ ಹೊಟ್ಟೆಗೆ ಹೋಗಬಾರದು ಎಂದರು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು: "ಚಿಟಿಕಿ ಅಂದ್ರ ನಿಮ್ಮ ಚಿಟಿಕಿನೋ ನಮ್ಮ ಚಿಟಿಕಿನೋ, ಡಾಕ್ಟರ?"

ಡಾಕ್ಟರು ನಗಲಿಲ್ಲ. "ಇರುವಿ ಚಿಟಿಕಿ ಅಂತ ತಿಳಕೋರಿ, ಯವ್ವಾ" ಎಂದರು. ಮೂರು ತಿಂಗಳು ಬಿಟ್ಟು ಬರಬೇಕು, ತೂಕ ಏರಿರಬೇಕು, ಏರದಿದ್ದರೆ ಅಡ್ಮಿಟ್ ಮಾಡಿ ಮತ್ತೆ ನಳಿಕೆ ಹಾಕಿ ನೋಡಬೇಕು ಎಂದೂ ಹೇಳಿದರು. ನಳಿಕೆ ಎಂದ ಕೂಡಲೇ ಮಗಳು ನನ್ನ ಸೀರೆಯ ನೆರಿಗೆಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಅಂದಿನಿಂದ ಇರುವೆಯ ಚಿಟಿಕೆಯನ್ನು ಹಿಡಿಯಲು ಹೊರಟರು.

ನಾನು ಶಾಲೆಯ ಟೀಚರು. ಓದಿದವಳ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮೊಬೈಲಿಗೆ. ಗ್ಲುಟೆನ್ ಇಲ್ಲದ ನಾಷ್ಟಾ ಯಾವುವು ಎಂದು ಹುಡುಕಿದೆ. ಬಾದಾಮಿ ಹಿಟ್ಟಿನ ಪ್ಯಾನ್‌ಕೇಕು, ಕಿನೋವಾ, ಹೆಸರೇ ಕೇಳದ ನೀಲಿ ಹಣ್ಣುಗಳು. ಇವುಗಳಲ್ಲಿ ಒಂದಾದರೂ ಮೊರಬದ ಸಂತೆಗೆ ಬರುತ್ತದೆಯೇ? ಓಟ್ಸ್ ಬಗ್ಗೆ ಒಬ್ಬರು ಹೌದೆಂದರು, ಇನ್ನೊಬ್ಬರು ಬೇಡವೆಂದರು.

"ಓಟ್ಸ್ ಅಂದ್ರ ಏನಬೇ?"

"ಅದ ಒಂಥರಾ ಕಾಳರಿ, ಅತ್ತಿ. ಹೊರದೇಶದಾಗ ಮೊದಲ ಕುದರಿಗೆ ಹಾಕತಿದ್ರಂತ."

"ಕುದರಿಗೆ ಹಾಕೂದನ್ನ ಕೂಸಿಗೆ ಹಾಕಾಕ ಹೊಂಟಿಯಲ್ಲ, ನೀ ಯಾವ ಸಾಲ್ಯಾಗ ಕಲಿಸ್ತಿ?"

ಹುಬ್ಬಳ್ಳಿಯಿಂದ ಗ್ಲುಟೆನ್ ಇಲ್ಲದ ಬ್ರೆಡ್ಡು ತರಿಸಿದೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತೂಗಿ, ಗಾಳಿಗೆ ಹೊಡೆದುಕೊಳ್ಳುತ್ತಿದ್ದ ಹಿತ್ತಲ ಬಾಗಿಲಿಗೆ ಅಡ್ಡ ಇಟ್ಟರು. ಬಾಗಿಲು ಅಲ್ಲಾಡಲಿಲ್ಲ. ಆಮೇಲೆ ನನ್ನನ್ನು ಕೂಡಿಸಿಕೊಂಡು ಅವರೇ ಪಟ್ಟಿ ಬರೆಸಿದರು. ಸೋಮವಾರ ಜೋಳದ ನುಚ್ಚು, ಹಾಲು. ಮಂಗಳವಾರ ಚುರಮರಿ ಸೂಸಲ. ಬುಧವಾರ ಸಜ್ಜೆ ರೊಟ್ಟಿ, ಬೆಣ್ಣೆ. ಆಮೇಲೆ ಪಡ್ಡು, ಅವಲಕ್ಕಿ, ನವಣಕ್ಕಿ ಉಪ್ಪಿಟ್ಟು. ರವಿವಾರ ಬಿಸಿ ಜೋಳದ ರೊಟ್ಟಿ, ಜುಣಕ. ನಾನು ಬರೆಯುತ್ತ ಬರೆಯುತ್ತ ನಾಚಿಕೊಂಡೆ. ಗೋಧಿಯಿಲ್ಲದ ನಾಷ್ಟಾ ಹುಡುಕುತ್ತ ಪ್ರಪಂಚ ಸುತ್ತಿ ಬಂದೆನಲ್ಲ, ಅದು ನಮ್ಮ ಒಲೆಯ ಮೇಲೇ ಕೂತಿತ್ತು.

ಹಾಗಾದರೆ ಚಿಂತೆ ಏನು ಎನ್ನುತ್ತೀರಾ? ಚಿಂತೆ ಗಿರಣಿಯಲ್ಲಿತ್ತು. ನಮ್ಮೂರ ಗಿರಣಿಯಲ್ಲಿ ಒಬ್ಬರ ಗೋಧಿ ಆದ ಮೇಲೆ ಇನ್ನೊಬ್ಬರ ಜೋಳ, ಒಂದೇ ಕಲ್ಲು. ಹಿಂದಿನವರ ಹಿಟ್ಟು ಒಂದಿಷ್ಟು ಕಲ್ಲಿನ ಸಂದಿಯಲ್ಲಿ ಉಳಿದು ಮುಂದಿನವರ ಡಬ್ಬಿಗೆ ಬೀಳುವುದು ಎಲ್ಲರಿಗೂ ಗೊತ್ತು, ಯಾರೂ ಜಗಳ ಮಾಡುವುದಿಲ್ಲ. ಅತ್ತೆ ಮಾಡಿದರು. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ಗಿರಣಿಯ ಮೆಟ್ಟಿಲ ಮೇಲೆ ಕೂತರು.

"ದಾವಲಸಾಬ, ಕಲ್ಲ ಬಿಚ್ಚಿ ತೊಳಿ."

"ಅಕ್ಕಾ, ಕಲ್ಲ ತೊಳದ್ರ ಎರಡ ದಿನ ಗಿರಣಿ ಬಂದ್ ಆಕ್ಕೈತಿ. ಊರ ಮಂದಿ ರೊಟ್ಟಿಗೆ ಏನ್ ಮಾಡಬೇಕು?"

"ಊರ ಮಂದಿ ಹೊಟ್ಟಿ ಗಟ್ಟಿ ಐತಿ."

ಗಿರಣಿಯ ದಾವಲಕಾಕಾ ಬೇರೆ ಉಪಾಯ ಹೇಳಿದರು. ಮೊದಲು ನಿಮ್ಮದೇ ಐದು ಸೇರು ಜೋಳ ಹಾಕಿ ಕಲ್ಲು ಸ್ವಚ್ಛ ಮಾಡೋಣ, ಆ ಹಿಟ್ಟು ಎಮ್ಮೆಗೆ, ಆಮೇಲಿನದು ಕೂಸಿಗೆ. ಅತ್ತೆ ಒಪ್ಪಿದರು. ಒಂದು ತಿಂಗಳಲ್ಲಿ ಎಮ್ಮೆ ಗುಂಡಗುಂಡಗಾಯಿತು, ಮಗಳು ಆಗಲಿಲ್ಲ. ಅತ್ತೆಗೆ ಗಿರಣಿಯ ಮೇಲೇ ಅನುಮಾನ ಉಳಿಯಿತು. ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಕಿದ್ದ ಹಳೆಯ ಬೀಸುವ ಕಲ್ಲನ್ನು ಎತ್ತಿಸಿ, ಉಳಿ ಹೊಡೆಸಿ, ಎಪ್ಪತ್ತರ ಮೇಲಾದ ಮೊಣಕಾಲು ಚಾಚಿಕೊಂಡು ದಿನಾ ಕೈಯಿಂದ ಬೀಸತೊಡಗಿದರು. ನಾನೂ ಎದುರು ಕೂತು ಒಂದು ಕೈ ಕೊಡಬೇಕಾಯಿತು. ಹದಿನೈದು ದಿನ ನನಗೆ ಬೋರ್ಡಿನ ಮೇಲೆ ಬರೆಯಲು ತೋಳು ಏಳುತ್ತಿರಲಿಲ್ಲ.

ಅಡುಗೆಮನೆ ಎರಡು ದೇಶವಾಯಿತು. ಮಗಳಿಗೆ ಬೇರೆ ಹಂಚು, ಬೇರೆ ಪರಾತ, ಬೇರೆ ಸೌಟು, ಎಲ್ಲಕ್ಕೂ ಕೆಂಪು ದಾರ. ಇಡೀ ಮನೆಯಲ್ಲಿ ಚಪಾತಿ ಬಿಟ್ಟಿರಲಾಗದ ಒಬ್ಬನೇ ಮನುಷ್ಯ ನನ್ನ ಗಂಡ. ಅವರು ನೆರೆಮನೆಯಲ್ಲಿ ಚಪಾತಿ ಮಾಡಿಸಿಕೊಂಡು ದನದ ಕೊಟ್ಟಿಗೆಯಲ್ಲಿ ನಿಂತು ತಿನ್ನುತ್ತಿದ್ದರು. ಬೀಡಿ ಸೇದುವ ಹುಡುಗನಂತೆ ಆಚೀಚೆ ನೋಡುತ್ತ ತಿನ್ನುವ ಅವರನ್ನು ಕಂಡು ನಗು ಬರುತ್ತಿತ್ತು, ಆದರೆ ನಗುವಷ್ಟು ನೆಮ್ಮದಿ ಆಗ ಯಾರಿಗಿತ್ತು?

ಅತ್ತೆಯವರ ಹುಚ್ಚಿನಲ್ಲಿ ಮೇರು ಅಂದರೆ ರುಚಿ ಪರೀಕ್ಷೆ. ಮಗಳ ನಾಷ್ಟಾ ಏನೇ ಇರಲಿ, ಮೊದಲು ಅವರು ಒಂದು ತುತ್ತು ತಿನ್ನಬೇಕು. ತಿಂದು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಗಡಿಯಾರ ನೋಡುತ್ತ ಕೂಡಬೇಕು. ಏನೂ ಆಗದಿದ್ದರೆ ತಾಟು ಮಗಳ ಮುಂದೆ.

"ನಿಮಗ ಆ ಬ್ಯಾನಿನ ಇಲ್ಲಲ್ರಿ, ಅತ್ತಿ. ನೀವ ತಿಂದ್ರ ಏನ್ ಗೊತ್ತಾಕ್ಕೈತಿ?" ಎಂದೆ ಒಂದು ದಿನ, ಬಸ್ಸಿಗೆ ಹೊತ್ತಾಗುತ್ತಿತ್ತು.

"ಗೊತ್ತಾಗದಿದ್ರ ಇರ್ಲಿ. ಕೆಟ್ಟದ್ದಿದ್ರ ಮೊದಲ ನನ್ನ ಹೊಟ್ಯಾಗ ಹೋಗ್ಲಿ."

ನಾನು ಬಸ್ಸು ತಪ್ಪಿಸಿಕೊಂಡೆ.

ಇಷ್ಟೆಲ್ಲ ಆಗಿ ಎರಡು ತಿಂಗಳು ಕಳೆಯಿತು. ಪ್ರತಿ ಶನಿವಾರ ನಾನು ಮಗಳನ್ನು ಊರ ಅಂಗನವಾಡಿಯ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದೆ. ಮುಳ್ಳು ಹದಿನೇಳಕ್ಕೆ ಬಂದು ನಿಂತುಬಿಡುತ್ತಿತ್ತು. ಚಪ್ಪಲಿ ಹಾಕಿಸಿ ನೋಡಿದೆ, ಪಾಟಿಚೀಲ ಹೊರಿಸಿ ನೋಡಿದೆ. ಹೌದು, ಪಾಟಿಚೀಲ ಹೊರಿಸಿದೆ. ಯಂತ್ರಕ್ಕೆ ಮೋಸ ಮಾಡಿದರೆ ಯಾರಿಗೆ ಲಾಭ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ, ಒಂದು ಸಲ ಹತ್ತೊಂಬತ್ತು ಎಂಬ ಅಂಕಿ ನೋಡಬೇಕಿತ್ತು ಅಷ್ಟೆ. ಮೈ ತೊಳೆಯುವಾಗ ಅವಳ ಪಕ್ಕೆಲುಬು ಕೈಗೆ ಸಿಗುತ್ತಿದ್ದವು. ನನಗೆ ಹುಬ್ಬಳ್ಳಿಯ ನಳಿಕೆ ಕಣ್ಣೆದುರು ಬರುತ್ತಿತ್ತು.

ಹೊಟ್ಟೆನೋವೂ ಹೋಗಿರಲಿಲ್ಲ. ಅದಕ್ಕೆ ಅತ್ತೆಯವರ ಬಳಿ ತಮ್ಮದೇ ಮದ್ದಿತ್ತು, ಇಂಗು. ನಾಷ್ಟಾ ಆದ ಕೂಡಲೇ ಒಂದು ಲೋಟ ಮಜ್ಜಿಗೆಗೆ ಇಂಗಿನ ಪುಡಿ ಕದಡಿ, ಮೂಗು ಹಿಡಿದು ಕುಡಿಸುತ್ತಿದ್ದರು. ನೋವು ಹೆಚ್ಚಾದರೆ ಇಂಗೂ ಹೆಚ್ಚು. ನಮ್ಮ ಕಡೆ ಹೊಟ್ಟೆ ಎಂದರೆ ಇಂಗು, ಅದರಲ್ಲಿ ಕೇಳುವುದೇನಿದೆ? ನಾನೂ ಚಿಕ್ಕವಳಿದ್ದಾಗ ಕುಡಿದೇ ದೊಡ್ಡವಳಾದವಳು.

ಎರಡು ತಿಂಗಳಲ್ಲಿ ಇಂಗಿನ ಡಬ್ಬಿ ಖಾಲಿಯಾಯಿತು. "ನವಲಗುಂದಕ್ಕ ಹೋದಾಗ ತಗೊಂಡ ಬಾ" ಎಂದರು ಅತ್ತೆ. ಒಂದು ಪಾಕೀಟು ಕೊಂಡೆ. ಮರಳುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಆ ದಿನಗಳಲ್ಲಿ ನನಗೊಂದು ಚಟ ಹತ್ತಿತ್ತು, ಯಾವ ಪಾಕೀಟು ಕೈಗೆ ಬಂದರೂ ಹಿಂದೆ ತಿರುಗಿಸಿ ಓದುವುದು. ಉಪ್ಪಿನದೂ ಓದಿದ್ದೆ, ಕಡ್ಡಿಪೆಟ್ಟಿಗೆಯದೂ ಓದಿದ್ದೆ. ಇಂಗಿನದು ಮಾತ್ರ ಓದಿರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಅದು ತಂದ ದಿನವೇ ವಾಸನೆ ಹೋಗದಿರಲೆಂದು ಹಿತ್ತಾಳೆ ಡಬ್ಬಿಗೆ ಬಿದ್ದು, ಪಾಕೀಟು ಒಲೆಗೆ ಹೋಗುತ್ತದೆ. ಅಂದು ತಿರುಗಿಸಿದೆ. ಸಣ್ಣ ಅಕ್ಷರದಲ್ಲಿ ಮೂರು ಪದಾರ್ಥ. ಮೊದಲನೆಯದೇ ಗೋಧಿ ಹಿಟ್ಟು.

ಪುಡಿ ಇಂಗಿನಲ್ಲಿ ಇಂಗಿಗಿಂತ ಹಿಟ್ಟೇ ಹೆಚ್ಚಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಮೊರಬ ಬರುವವರೆಗೂ ಆ ಪಾಕೀಟನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಎರಡು ತಿಂಗಳು ದಿನಾ ಮುಂಜಾನೆ ನಾವೇ ಅವಳ ಮೂಗು ಹಿಡಿದು ಗೋಧಿ ಕುಡಿಸಿದ್ದೆವು.

"ಅವ್ವಗ ಹೇಳಬ್ಯಾಡ" ಎಂದರು ನನ್ನ ಗಂಡ, ಕೊಟ್ಟಿಗೆಯಲ್ಲೇ ನಿಂತು. "ಸುಮ್ಮ ಡಬ್ಬಿ ಒಗದ ಬಿಡು. ಮುಗೀತ ಅನ್ನು."

ಆದರೆ ಅತ್ತೆ ಮರುದಿನವೇ ನೆರೆಮನೆಯಿಂದ ಇಂಗು ಇಸಿದುಕೊಂಡು ಬರುವವರು. ಹೇಳಿದೆ. ಅವರು ಕೂಗಾಡಲಿಲ್ಲ. ಪಾಕೀಟು ಇಸಿದುಕೊಂಡು ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು.

"ಎಲ್ಲಿ ಬರದಾರ? ಇಲ್ಲೇ ಏನು?"

"ಹೌದ್ರಿ."

"ಇನ್ನೊಮ್ಮೆ ಓದು."

ಓದಿದೆ. ಮೂರು ಸಲ ಓದಿಸಿದರು. ಆಮೇಲೆ "ಊರ ಮಂದೀನೆಲ್ಲಾ ಬಾಗಲದಾಗ ನಿಲ್ಲಿಸಿದೆ" ಎಂದರು. ಅಷ್ಟೇ. ಎದ್ದು ಹಿತ್ತಲಿಗೆ ಹೋದರು.

ಮರುದಿನದಿಂದ ಅವರು ಅಡುಗೆಮನೆಗೆ ಕಾಲಿಡಲಿಲ್ಲ. ಕರೆದರೆ "ನನ್ನ ಕೈ ಬ್ಯಾಡವಾ, ನೀನ ಮಾಡು" ಎನ್ನುತ್ತಿದ್ದರು. ತುತ್ತಿನ ಪರೀಕ್ಷೆ ನಿಂತಿತು, ಬಂದವರ ತಪಾಸಣೆ ನಿಂತಿತು. ಖಾರಿ ಹಿಡಿದು ಬಂದ ನನ್ನ ತಮ್ಮ ನೇರ ನಡುಮನೆಗೇ ನುಗ್ಗಿದ, ಒಬ್ಬರೂ ತಡೆಯಲಿಲ್ಲ, ಅವನಿಗೇ ಹೆದರಿಕೆಯಾಗಿ ತಾನಾಗಿ ಹೊರಗೆ ಹೋಗಿ ಖಾರಿ ಕಟ್ಟೆಯ ಮೇಲಿಟ್ಟು ಬಾಯಿ ಮುಕ್ಕಳಿಸಿ ಬಂದ. ಆ ಮೂರು ವಾರ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ನನಗೆ ಅತ್ತೆಯ ಬೈಗುಳ ಬೇಕಾಗಿತ್ತು ಎಂದರೆ ನನ್ನ ತವರಿನವರು ನಂಬುವುದಿಲ್ಲ.

ನಾಷ್ಟಾ ನನ್ನ ಪಾಲಿಗೆ ಬಂತು. ನನ್ನ ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ, ಹಂಚಿಗೆ ಹಾಕುವಾಗ ಎರಡಾಗುತ್ತದೆ. ಮಗಳು ತಾಟಿನ ಚೂರುಗಳನ್ನು ಜೋಡಿಸಿ ಒಂದು ರೊಟ್ಟಿ ಮಾಡುತ್ತ ಕೂಡುತ್ತಿದ್ದಳು. ಹೊಟ್ಟೆನೋವು ಎನ್ನುವುದು ಕಡಿಮೆಯಾಗಿತ್ತು. ನಾನು ಗಟ್ಟಿಯಾಗಿ ಹೇಳಲು ಹೆದರುತ್ತಿದ್ದೆ, ಹೇಳಿದರೆ ಎಲ್ಲಿ ಹಾಳಾಗುತ್ತದೋ ಎಂದು. ಡಾಕ್ಟರ ಬಳಿ ಹೋಗಲು ಒಂದೇ ವಾರ ಉಳಿದಿತ್ತು.

ಆ ರವಿವಾರ ಬೆಳಗ್ಗೆ ಒಲೆಯ ಮುಂದೆ ಹರಿದ ರೊಟ್ಟಿಯೊಂದಿಗೆ ಗುದ್ದಾಡುತ್ತಿದ್ದೆ. ಮಗಳು ಹಾಸಿಗೆಯಿಂದ ಎದ್ದವಳೇ ನನ್ನನ್ನು ದಾಟಿ ಹಿತ್ತಲಿಗೆ ಹೋದಳು. ಅಲ್ಲಿ ಅತ್ತೆ ಜೋಳ ಹಸನು ಮಾಡುತ್ತಿದ್ದರು. ಕಿಟಕಿಯಿಂದ ಕೇಳಿಸಿತು.

"ಆಯಿ, ಹಸಿವಿ ಆಗೇತಿ."

ನನ್ನ ಕೈ ಅಲ್ಲೇ ನಿಂತಿತು. ಅತ್ತೆ ತಲೆ ಎತ್ತಲಿಲ್ಲ. "ನಿಮ್ಮವ್ವ ರೊಟ್ಟಿ ಮಾಡಾಕತ್ಯಾಳಲ್ಲ. ಹೋಗು."

"ಅವ್ವನ ರೊಟ್ಟಿ ಚೂರ ಚೂರ ಆಕ್ಕೈತಿ. ನೀ ಬಡಿ. ನನಗ ಭಾಳ ಹಸಿವಿ ಆಗೇತಿ."

ಅತ್ತೆ ಮೊರ ಕೆಳಗಿಟ್ಟರು. ಮೊಣಕಾಲು ಹಿಡಿದು ಎದ್ದರು, ನಲ್ಲಿಯ ಹತ್ತಿರ ಹೋಗಿ ಕೈ ತೊಳೆದರು. ಮತ್ತೆ ತೊಳೆದರು. ಮೊಣಕೈವರೆಗೆ ಸಾಬೂನು ಹಚ್ಚಿ ಮೂರನೆಯ ಸಲ ತೊಳೆಯುವಾಗ ನಾನು ಬಾಗಿಲಿಗೆ ಬಂದು ನಿಂತಿದ್ದೆ, ಕೈತುಂಬ ಹಿಟ್ಟು, ಕಣ್ತುಂಬ ನೀರು. ಎರಡು ವರ್ಷದಿಂದ ಆ ಒಂದು ಮಾತಿಗಾಗಿ ಕಾಯುತ್ತಿದ್ದವರು ನಾವಿಬ್ಬರೇ.

ಅತ್ತೆ ನನ್ನ ಕಡೆ ತಿರುಗಿದರು. ಹೆದರಿ ಹೆದರಿ ಕೇಳಿದರು.

"ನನಗಷ್ಟ ಹಂಗ ಕೇಳಿಸ್ತೋ, ನೀನೂ ಕೇಳಿದೆನಬೇ?"

"ಕೇಳಿದೆರಿ, ಅತ್ತಿ. ನಾನೂ ಕೇಳಿದೆ."