ನಮ್ಮ ಮೋಟಾರಿನ ಎಣ್ಣೆ, ನನ್ನ ತಲೆಸುತ್ತು

ಹಳೆಯ ಮೋಟಾರು ಇರುವ ಮನೆಯಲ್ಲಿ ನಗೆಗೀಡಾಗುವುದಕ್ಕೆ ಮುಹೂರ್ತ ನೋಡಬೇಕಾಗುವುದಿಲ್ಲ. ಅಂಥ ಪ್ರಸಂಗಗಳು ತಾವಾಗಿಯೇ ಒದಗಿ ಬರುತ್ತವೆ. ಧಾರವಾಡದಿಂದ ಪುಣೆಗೆ ಬಂದು ನೆಲೆಸಿದ ನನ್ನ ಯಜಮಾನರು ಅನೇಕ ವರ್ಷ ಪರರ ಮೋಟಾರು ನಡೆಸಿದರು. ಕಡೆಗೆ, ತನ್ನ ದೇಶಕ್ಕೆ ಮರಳುತ್ತಿದ್ದ ಒಬ್ಬ ಸಾಹೇಬನಿಂದ ಹಳೆಯದೊಂದನ್ನು ಕೊಂಡು ಬಾಡಿಗೆಗೆ ಓಡಿಸತೊಡಗಿದರು. ಅದು ಎಷ್ಟು ತಿರುಗಿತ್ತೆಂದರೆ, ಮೈಲಿ ತೋರಿಸುವ ಅಂಕಿಗಳೇ ದಣಿದು ನಿಂತುಬಿಟ್ಟಿದ್ದವು. ಪೆಟ್ರೋಲಿಗಿಂತ ಇಂಜಿನಿನ ಎಣ್ಣೆಯ ಮೇಲೆಯೇ ಅದಕ್ಕೆ ಪ್ರೀತಿ ಹೆಚ್ಚು. ಒಳಗಿನ ರಿಂಗುಗಳು ಸವೆದಿವೆ, ಹೊಸವು ಹಡಗಿನಲ್ಲಿ ಬರಬೇಕು, ಯುದ್ಧ ಮುಗಿಯದೆ ಹಡಗು ಬಾರದು ಎಂದು ಮಿಸ್ತ್ರಿ ಹೇಳಿಬಿಟ್ಟಿದ್ದ. ಎಣ್ಣೆ ತೀರಿದರೆ ಇಂಜಿನು ಬಿಗಿದು ನಿಲ್ಲುತ್ತದೆ. ಇಂಜಿನು ನಿಂತರೆ ಯಜಮಾನರು ಮುಂಬಯಿಗೆ ಹೋಗಿ ಪುನಃ ಯಾವುದೋ ಸೇಠರ ಚಾಲಕರಾಗಬೇಕು. ಆದ್ದರಿಂದ ಮೋಟಾರು ಹೊರಟಿತೆಂದರೆ ನನಗೆ ಒಂದೆಡೆ ಕುಳಿತುಕೊಳ್ಳಲಾಗುತ್ತಿರಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ತಿರುಗುತ್ತಲೇ ಇರುತ್ತಿದ್ದೆ.

೧. ಹಪ್ಪಳ

ನಾವಿದ್ದ ವಾಡೆಯ ಅಂಗಳದಲ್ಲಿ ಮನೆಯ ಒಡತಿ ಹಪ್ಪಳ ಒಣಹಾಕಿದ್ದರು. ಯಜಮಾನರು ಮೋಟಾರು ಚಾಲೂ ಮಾಡಿದರು. ನೀಲಿ ಹೊಗೆ ಎದ್ದು ಹಪ್ಪಳ, ಒಡತಿ, ತುಳಸಿಕಟ್ಟೆ ಎಲ್ಲವೂ ಕಾಣದಂತಾದವು. ಹೊಗೆ ಸರಿದ ಮೇಲೆ ಒಡತಿ ಮರಾಠಿಯಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡರು: ಈ ಹಪ್ಪಳ ಸುಡುವ ಶ್ರಮವನ್ನೂ ನೀವೇ ಉಳಿಸಿದಿರಲ್ಲ, ನಾಳೆಯಿಂದ ಮೋಟಾರು ಬೀದಿಯಲ್ಲಿ ನಿಲ್ಲಲಿ! ನಾನು ತಲೆತಗ್ಗಿಸಿ ಒಳಗೆ ಬಂದೆ.

ಮಳೆಗಾಲ ಬಂತು, ಸೊಳ್ಳೆಗಳು ಬಂದವು. ಒಂದು ಸಂಜೆ ಒಡತಿಯೇ ನಮ್ಮ ಬಾಗಿಲಿಗೆ ಬಂದರು. ಮತ್ತೇನು ಕಾದಿದೆಯೋ ಎಂದು ನಾನು ಕದದ ಹಿಂದೆ ಸರಿದೆ. ಅವರು ಮೆಲ್ಲನೆ, "ಮೋಟಾರನ್ನು ಅಂಗಳಕ್ಕೆ ತಂದು ಒಂದು ಗಳಿಗೆ ಚಾಲೂ ಮಾಡಲು ಹೇಳಿ. ಸೊಳ್ಳೆ ಹೋಗಲಿ, ಆಮೇಲೆ ಜಗಳವಾಡೋಣ" ಎಂದರು.

೨. ಶನಿವಾರದ ಎಣ್ಣೆ

ಶನಿವಾರ ಮನೆಗೆ ಎಣ್ಣೆ ತರಬಾರದೆಂಬುದು ನಮ್ಮ ಅತ್ತೆಯವರ ಕಟ್ಟಪ್ಪಣೆ. ಮೋಟಾರಿಗೆ ಮಾತ್ರ ಶನಿವಾರವೇ ದಾಹ ಹೆಚ್ಚು. ಯಜಮಾನರು ಡಬ್ಬಿ ಹಿಡಿದು ಬರುತ್ತಿರಲು ಅತ್ತೆಯವರು ಬಾಗಿಲಲ್ಲೇ ತಡೆದರು.

"ಅವ್ವಾ, ಇದು ತಿನ್ನೂ ಎಣ್ಣಿ ಅಲ್ಲ."

"ತಿನ್ನಾಂಗಿಲ್ಲ, ಖರೆ. ಕುಡೀತದಲ್ಲ?"

"ನಾ ಹೊಸ್ತಿಲಾನ ದಾಟಿಲ್ಲ. ಮೋಟಾರಿಗೆ ಹಾಕಿ ಹೋಗತೀನಿ. ಮೋಟಾರ ಏನು ಮನಿಯೇನು?"

ಅತ್ತೆಯವರು, "ಉಣ್ಣೂದು ಅದರಾಗ, ನಿದ್ದಿ ಅದರಾಗ, ದಿನಾ ಮೈ ತೊಳಿಯೂದು ಅದರದು. ನಿನ್ನ ಮನಿ ಅಂದರ ಅದ. ನೀ ಇಲ್ಲೆ ಬರೂದು ಬೀಗರಂಗ" ಎಂದರು.

೩. ಘಾಟಿನ ದಾರಿ

ನಮ್ಮ ಸೀಮೆಯವರೇ ಆದ ಒಬ್ಬ ವಕೀಲರಿಗೆ ದಿನವೂ ಕೋರ್ಟಿಗೆ ಹೋಗಲು ತಿಂಗಳ ಕರಾರಿನ ಮೇಲೆ ಒಂದು ಮೋಟಾರು ಬೇಕಾಗಿತ್ತು. ಈ ಕೆಲಸ ದೊರೆಯದಿದ್ದರೆ ಮುಂಬಯಿಗೆ ಹೋಗುವುದೇ ಗತಿಯೆಂದು ಯಜಮಾನರು ಅವರಿಗೆ ಹೇಳಿಯೂ ಇದ್ದರು. ಮೊದಲು ಕಾತ್ರಜ ಘಾಟು ದಾಟಿಸಿ ನೆಂಟರ ಮನೆಗೆ ಒಯ್ದು ತೋರಿಸಿರಿ, ಆಮೇಲೆ ಮಾತು ಎಂದರು ವಕೀಲರು. ಅವರ ಪತ್ನಿಗೆ ಜೊತೆಯಾಗಲೆಂದು ನನ್ನನ್ನೂ ಹೊರಡಿಸಲಾಯಿತು. ನಿಜವಾದ ಕಾರಣ ಬೇರೆಯೇ ಇತ್ತು.

"ಎಣ್ಣಿ ಕಮ್ಮಿ ಆತು ಅಂದ ಕೂಡಲೆ ನಾ ಕೆಮ್ಮತೀನಿ" ಎಂದು ಯಜಮಾನರು ಹಿಂದಿನ ದಿನವೇ ಕಲಿಸಿದ್ದರು. "ನೀ ತಲಿ ತಿರಗತದ ಅನ್ನು. ನಿನ್ನ ನೆಪದಾಗ ನಿಂದರಸಿ ಎಣ್ಣಿ ಹಾಕತೀನಿ."

"ಅವರ ಮುಂದ ನನಗ ಬಾಯಿ ಬರಾಂಗಿಲ್ರಿ."

"ಬಾಯಿ ಬ್ಯಾಡ. ತಲಿ ಹಿಡಕೋ, ಸಾಕು."

ಘಾಟು ಹತ್ತುತ್ತಲೇ ಅವರು ಕೆಮ್ಮಿದರು. ನಾನು ತಲೆ ಹಿಡಿದುಕೊಂಡೆ. "ನಿಂದರಸ್ರಿ! ಇವರಿಗೆ ತಲಿ ತಿರಗಾಕ ಹತ್ತೇದ!" ಎಂದು ವಕೀಲರ ಪತ್ನಿ ಕೂಗಿದರು. ಯಜಮಾನರು ಜಿಗಿದಿಳಿದು ನೇರವಾಗಿ ಇಂಜಿನಿನ ಮುಚ್ಚಳ ತೆರೆದರು.

"ಅಯ್ಯ, ಹೆಂಡತಿ ಇಲ್ಲೆ ಕಣ್ಣು ತೇಲಿಸ್ಯಾಳ, ನೀವು ಮೋಟಾರಿನ ಮಾರಿ ನೋಡ್ತೀರೆಲ್ಲ!"

ಮುಂದೆ ಹೊಗೆ ಮುಂಗಡೆಗೂ ನುಗ್ಗಿ ಯಜಮಾನರಿಗೆ ನಿಜವಾದ ಕೆಮ್ಮು ಹತ್ತಿತು. ಯಾವುದು ಎಣ್ಣೆಯ ಕೆಮ್ಮು, ಯಾವುದು ಹೊಗೆಯ ಕೆಮ್ಮು ಎಂದು ನನಗೆ ತಿಳಿಯದೆ ಪ್ರತಿ ಸಲವೂ ತಲೆ ಹಿಡಿದುಕೊಂಡೆ. ಪ್ರತಿ ಸಲವೂ ಮೋಟಾರು ನಿಂತಿತು. ಯಜಮಾನರು ನನ್ನನ್ನು ದುರುಗುಟ್ಟಿ ನೋಡಿದರು. ವಕೀಲರ ಪತ್ನಿಯಾದರೋ ನನ್ನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದರು: "ಎಷ್ಟನೇ ತಿಂಗಳರಿ?"

ನಾನು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅದನ್ನೇ ಅವರು ಉತ್ತರವೆಂದು ತಿಳಿದರು.

ಪತ್ನಿಯಿಂದ ಸುದ್ದಿ ತಿಳಿದಿದ್ದ ವಕೀಲರು ಮರಳಿ ತಮ್ಮ ಮನೆಯ ಮುಂದೆ ಇಳಿಯುವಾಗ ಯಜಮಾನರ ಹೆಗಲು ತಟ್ಟಿ, "ಇಂಥಾದ್ರಾಗ ನಿಮ್ಮನ್ನ ಮುಂಬಯಿಗೆ ಕಳಸಿದರ ನಮಗ ಪಾಪ ಹತ್ತತದ. ಸೋಮವಾರದಿಂದ ಬರ್ರಿ" ಎಂದರು. "ಇಂಥಾದ್ರಾಗ ಅಂದರ ಎಂಥಾದ್ರಾಗ?" ಎಂದು ಯಜಮಾನರು ದಾರಿಯುದ್ದಕ್ಕೂ ಕೇಳಿದರು. ಮನೆ ಮುಟ್ಟಿದ ಮೇಲೆ ಹೇಳಿದೆ. ಅವರು ಅಲ್ಲಿಯೇ ಕಟ್ಟೆಯ ಮೇಲೆ ಕುಸಿದು ಕುಳಿತರು. ನಿಜ ಹೇಳಿದರೆ ಎಣ್ಣೆಯ ಗುಟ್ಟು ಹೊರಬೀಳುತ್ತದೆ. ಹೇಳದಿದ್ದರೆ, ಮಗಳನ್ನು ಕೊಟ್ಟು ಅತ್ತೆಯಾದ ನಾನು ಊರಿಗೆಲ್ಲ ಬಸುರಿ!

ಮರುದಿನವೇ ವಕೀಲರ ಪತ್ನಿ ಹಸಿರು ಬಳೆ, ಮಾವಿನಕಾಯಿ ಉಪ್ಪಿನಕಾಯಿ ಹಿಡಿದು ಬಂದರು. ಬಂದವರು ಸುದ್ದಿಯನ್ನು ನಮ್ಮ ಅತ್ತೆಯವರಿಗೇ ಮೊದಲು ಹೇಳಿದರು.

"ಯವ್ವಾ! ಮಗಳು ಹಡೀಬೇಕಾದ ಹೊತ್ತಿನ್ಯಾಗ ತಾಯಿ ಹಡೀತಾಳ?" ಎಂದು ಅತ್ತೆಯವರು ಎದೆಯ ಮೇಲೆ ಕೈಯಿಟ್ಟರು. ಯಜಮಾನರು ಆಗಲೇ ಮೋಟಾರಿನ ಕೆಳಗೆ ಸೇರಿದ್ದರು. ಎರಡು ಪಾದಗಳು ಮಾತ್ರ ಹೊರಗಿದ್ದವು. ಇನ್ನು ನಾನೇ ಮಾತನಾಡಬೇಕಾಯಿತು.

"ನನಗೇನೂ ಇಲ್ರೀ ಬಾಯಾರ. ಎಣ್ಣಿ ಬೇಕಾಗಿದ್ದು ಮೋಟಾರಿಗೆ. ಇವರು ಕೆಮ್ಮಿದಾಗ ತಲಿ ಹಿಡಕೋ ಅಂದಿದ್ರು, ಹಿಡಕೊಂಡೆ."

ವಕೀಲರ ಪತ್ನಿ ನಗಲಿಲ್ಲ. ಎದ್ದು ಅಂಗಳಕ್ಕೆ ನಡೆದರು. ಕೆಲಸ ಹೋಯಿತೆಂದೇ ನಾನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತೆ. ಅವರು ಮೋಟಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿದರು. "ಹಂಗಾರ ಬಯಕಿ ಇಕೀದು!" ಎಂದವರೇ ಹಸಿರು ಬಳೆಗಳನ್ನು ಹಾರನ್ನಿನ ಕತ್ತಿಗೆ ಏರಿಸಿದರು. ಆಮೇಲೆ ಆ ಪಾದಗಳ ಕಡೆ ಬಾಗಿ, "ಹೊರಗ ಬರ್ರಿ. ಸೋಮವಾರದ ಮಾತು ಹಂಗ ಅದ" ಎಂದು, ಆಗ ನಗತೊಡಗಿದವರು ಮನೆಯ ಒಡತಿ ಬಂದು ನೀರು ಕೊಡುವವರೆಗೂ ನಿಲ್ಲಿಸಲಿಲ್ಲ.

ಸೋಮವಾರ ವಕೀಲರು ಬಳೆಗಳನ್ನು ನೋಡಿದರು. ಮೆಲ್ಲಗೆ ಹತ್ತಿದರು, ಬಾಗಿಲನ್ನೂ ಮೆಲ್ಲಗೆ ಮುಚ್ಚಿದರು. ಬಳಿಕ ಗಂಭೀರವಾಗಿ ಯಜಮಾನರಿಗೆ ಹೇಳಿದರಂತೆ:

"ತಗ್ಗು ದಿಣ್ಣಿ ನೋಡಿ ಸಾವಕಾಶ ನಡಸ್ರಿ. ದಿನ ತುಂಬ್ಯಾವ."