ಇಲಿ ಹಿಡಿದು ಬೆಟ್ಟ ಅಗೆದದ್ದು

ಬೆಟ್ಟ ಅಗೆದು ಇಲಿ ಹಿಡಿದವರನ್ನು ನಾವೆಲ್ಲ ಕಂಡಿದ್ದೇವೆ. ಇಲಿ ಹಿಡಿದು ಬೆಟ್ಟ ಅಗೆದವನು ಮಾತ್ರ, ಕೇಳಿ ತಿಳಿದಂತೆ, ಸಂಡೂರು ರಸ್ತೆಯ ಮೂಕಣ್ಣ ಒಬ್ಬನೇ. ಅದಕ್ಕೆಲ್ಲ ಮೂಲ ಅವನ ಎಂಟು ದಿನದ ಗಡ್ಡ.

ಗಡ್ಡ ಬೆಳೆದದ್ದಕ್ಕೂ ಕಾರಣವಿತ್ತು. ಮೂಕಣ್ಣ ದೊಡ್ಡಬಸಪ್ಪನವರ ವೇಬ್ರಿಜ್‌ನಲ್ಲಿ ಅದಿರಿನ ಲಾರಿಗಳಿಗೆ ತೂಕದ ಚೀಟಿ ಬರೆಯುವವನು. ದೊಡ್ಡಬಸಪ್ಪ ಮೊದಲು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡು ತಣ್ಣಗಿದ್ದವರು. ಚೀನಾದವರು ನಮ್ಮ ಕೆಂಪು ಮಣ್ಣಿಗೆ ಬಾಯಿ ಬಿಟ್ಟ ಮೇಲೆ ಹೊಸಪೇಟೆಗೆ ಬಂದು ಮೂರಂತಸ್ತಿನ ಮನೆ ಕಟ್ಟಿದರು. ಈಗ ಅವರಿಗೆ ಅದಿರು ಸುರಿಯಲು ಒಂದು ಯಾರ್ಡ್ ಬೇಕಾಗಿತ್ತು. ಆ ಯಾರ್ಡಿನ ನಕ್ಷೆಯ ನಟ್ಟನಡುವೆ, ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ, ಮೂಕಣ್ಣನ ಮನೆಯೂ ಅವನಪ್ಪ ತೋಡಿದ ಬಾವಿಯೂ ಇದ್ದವು. ಮೂರು ಸಲ ಕಾಗದ ಬಂತು, ಮೂರು ಸಲವೂ ಮೂಕಣ್ಣ ಸಹಿ ಹಾಕಲಿಲ್ಲ. ನಾಲ್ಕನೆಯ ಸಲ ಜೆಸಿಬಿಯೇ ಬಂದಾಗ ಅವನು ಕೆಲಸಕ್ಕೆ ಚಕ್ಕರ್ ಹೊಡೆದು, ಮನೆಯ ದಾರಿಗೆ ಅಡ್ಡಲಾಗಿ ಹೊರಸು ಹಾಕಿ ಮಲಗಿಬಿಟ್ಟ. ಎಂಟು ದಿನ ಮಲಗಿದ. ಹೆಸರಿಗೆ ಮೂಕನಾದರೂ ಹಟದಲ್ಲಿ ಎಮ್ಮೆ.

ಒಂಬತ್ತನೆಯ ದಿನ ಬೆಳಿಗ್ಗೆ ಡ್ರೈವರ್ ಹಂಪಯ್ಯ ಗಾಡಿ ತಂದ. "ಧಣಿ ಕರದಾರ. ಯಾರ್ಡ್ ರಸ್ತಿ ಆಚಿ ಕಡೀಗೆ ಹಾಕೂಣು ಅಂದಾರ. ಜಲ್ದಿ ಏಳು."

"ಹೋಗಿ ಕೇಳ್ಕೊಂಡು ಬಾ. ಸಹಿ ಮಾತ್ರ ಹಾಕಬ್ಯಾಡ" ಎಂದಳು ಹೆಂಡತಿ ಚಂದ್ರಕಲಾ. ಮೂಕಣ್ಣ ಗಡ್ಡ ತುರಿಸಿಕೊಳ್ಳುತ್ತ ಗಾಡಿ ಹತ್ತಿದ.

ದೊಡ್ಡಬಸಪ್ಪನವರು ಅವನನ್ನು ಕುರ್ಚಿಯ ಮೇಲೆ ಕೂರಿಸಿ ಚಹಾ ಕೊಡಿಸಿದರು. ಆರು ವರ್ಷದ ಚಾಕರಿಯಲ್ಲಿ ಆ ಮನೆಯ ಕುರ್ಚಿ ಅವನ ಬೆನ್ನಿಗೆ ತಾಗಿದ್ದು ಅದೇ ಮೊದಲು.

"ಮೂಕಣ್ಣ, ನಿನ್ನ ಮನೀ ಕಟಗೊಂಡು ನನಗೇನಾಗಬೇಕೈತಿ? ಇವತ್ತ ನಕ್ಷೆದಾಗ ಗೆರಿ ಬದಲಿ ಮಾಡಿಸ್ತೀನಿ. ನೀ ನನಗೊಂದು ಸಣ್ಣ ಕೆಲಸ ಮಾಡಿಕೊಡು."

"ಹೇಳ್ರಿ ಧಣಿ."

"ನಾವು ಕಂಪ್ಲಿಗೆ ನನ್ನ ತಂಗಿ ಸೀಮಂತಕ್ಕ ಹೊಂಟೀವಿ. ಮಗಳು ಬರಾಕ ಒಲ್ಲೆ ಅಂತಾಳ. ಆಕಿ ಒಂದು ಊರು ಕಟ್ಯಾಳ, ಅದನ್ನ ಬಿಟ್ಟು ಬರಂಗಿಲ್ಲಂತ. ಸಂಜಿ ಐದರ ತನಕ ನೀ ಆ ಊರು ಕಾಯಬೇಕು. ಊರು ಹೆಂಗೈತೋ ಹಂಗ ಇರಬೇಕು ನೋಡು. ನೀ ಅದನ್ನ ಕಾದ್ರ ನಿನ್ನ ಮನೀ ನಾ ನೋಡ್ಕೋತೀನಿ."

ಊರು ಇದ್ದದ್ದು ಮಹಡಿಯ ಮೇಲಿನ ಕಂಪ್ಯೂಟರಿನಲ್ಲಿ. ಟೀವಿಯಲ್ಲಿ ಸಂಜೆ ಹೊತ್ತು ಹಿಂದಿಯಲ್ಲಿ ಬರುವ ಒಂದು ಜಪಾನಿ ಕಾರ್ಟೂನಿನಿಂದ ಮಾಡಿದ ಆಟ ಅದು. ಬಟ್ಟಲುಗಣ್ಣಿನ ಹುಡುಗಿಯೊಬ್ಬಳು ಗುಡ್ಡದ ಬುಡದ ಹಳ್ಳಿಯಲ್ಲಿ ತಾತನ ಮನೆ ನೋಡಿಕೊಂಡಿರುವ ಕತೆ. ಧಣಿಯ ಮಗಳು ಐಶ್ವರ್ಯ, ಹನ್ನೆರಡು ವರ್ಷದವಳು, ಎಲ್ಲ ಬಿಡಿಸಿ ಹೇಳಿದಳು.

"ಇದರಾಗ ಫೈಟಿಂಗ್ ಇಲ್ಲ ಅಂಕಲ್. ಗೆಲ್ಲೂದಿಲ್ಲ, ಸೋಲೂದಿಲ್ಲ. ಆಕಳಕ್ಕ ಹುಲ್ಲು ಹಾಕೂದು, ಮೂಲಂಗಿಗೆ ನೀರು ಬಿಡೂದು, ಬಾಜೂ ಮನಿ ಅಜ್ಜೀನ ಮಾತಾಡಸೂದು. ನಮಗ ಮಧ್ಯಾಹ್ನ ಆದ್ರ ಅವರಿಗೂ ಮಧ್ಯಾಹ್ನ. ಒಂದು ದಿನ ನೋಡಲಿಲ್ಲಂದ್ರ ಆಕಳು ಸೊರಗತೈತಿ, ಅಜ್ಜಿ ಸಿಟ್ಟಾಗತಾಳ."

"ಮತ್ತ ಆಟ ಎಲ್ಲೈತವ್ವ?"

"ಇದ ಆಟ. ಬರೇ ಬದುಕೂದು."

ಬರೇ ಬದುಕುವುದಕ್ಕಾಗಿ ಎಂಟು ದಿನ ಹೊರಸಿನ ಮೇಲೆ ಮಲಗಿ ಬಂದ ಮೂಕಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಇದು ಮೌಸ್. ಮೌಸ್ ಅಂದ್ರ ಇಲಿ. ಇಲೀನ ಹಿಂಗ ಹಿಡ್ಕೊಂಡು ಒತ್ತಬೇಕು. ಕೊನೀಗೆ ಸೇವ್ ಮಾಡೂದು ಮರೀಬ್ಯಾಡ್ರಿ ಮತ್ತ. ಪಕ್ಕಾ?"

ಮೂಕಣ್ಣನ ಕೈ ತಾನಾಗಿ ಗಡ್ಡಕ್ಕೆ ಹೋಯಿತು. ದೊಡ್ಡವರ ಮನೆಗೆ ಕರಡಿಯ ಹಾಗೆ ಬಂದು ಕೂತು, ಒಂದು ಮಗುವಿನ ಬಾಯಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು. "ಆತವ್ವ, ಮಾಡಿಸ್ತೀನಿ" ಎಂದ.

ಐಶ್ವರ್ಯ ಡ್ರಾಯಿಂಗ್ ಹಾಳೆಯ ಮೇಲೆ ಬಣ್ಣದ ಪೆನ್ನಿನಿಂದ ಒಂದು ಪಟ್ಟಿ ಬರೆದಿದ್ದಳು: ಆಕಳು ಒಂದು, ಬಾತುಕೋಳಿ ಆರು, ಅಜ್ಜಿ ಒಬ್ಬಳು, ಗುಡ್ಡ ಒಂದು. ಕೆಳಗೆ 'ಜವಾಬ್ದಾರರು' ಎಂದು ಗೆರೆ ಎಳೆದಿದ್ದಳು. ಮೂಕಣ್ಣ ನಗುತ್ತ ಸಹಿ ಹಾಕಿದ. ದೊಡ್ಡಬಸಪ್ಪನವರೂ ನಗುತ್ತ ಅದರ ಅಡಿಗೆ ಇನ್ನೊಂದು ಹಾಳೆ ಸರಿಸಿದರು. "ಇದಕ್ಕೂ ಹಾಕಿಬಿಡು. ಆಫೀಸ್ ಕಾಪಿ."

"ಹುಡುಗರ ಆಟಕ್ಕೂ ಆಫೀಸ್ ಕಾಪಿ ಏನ್ರಿ ಧಣಿ?"

"ನಮ್ಮಲ್ಲಿ ಸಿಸ್ಟಮ್ ಅಂದ್ರ ಸಿಸ್ಟಮ್ ನೋಡಪಾ."

ಹಾಳೆ ಇಂಗ್ಲಿಷಿನಲ್ಲಿತ್ತು. ಆಟವೂ ಇಂಗ್ಲಿಷಿನಲ್ಲೇ ಇದ್ದದ್ದರಿಂದ ಮೂಕಣ್ಣ ತಲೆ ಕೆಡಿಸಿಕೊಳ್ಳಲಿಲ್ಲ.

ಅವರೆಲ್ಲ ಹೊರಟ ಮೇಲೆ ಅವನಿಗೂ ಇಲಿಗೂ ಜಟಾಪಟಿ ಸುರುವಾಯಿತು. ಪರದೆಯ ಮೇಲಿನ ಬಾಣ ಮೇಲೆ ಹೋಗಲಿ ಎಂದು ಇಲಿಯನ್ನು ಮುಂದೆ ಒಯ್ದ. ಮೇಜು ಮುಗಿಯಿತು, ಗೋಡೆ ಹತ್ತಿಸಿದ. ಅರ್ಧ ಗಂಟೆಯಲ್ಲಿ ಅದರ ಗುಣ ತಿಳಿಯಿತು. ಆಕಳಿನ ಮುಂದೆ ಒಂದು ಹೊರೆ ಹುಲ್ಲು ಬಿತ್ತು, ಆಕಳು ಅಂಬಾ ಎಂದಿತು. ಮೂಕಣ್ಣನ ಜೀವಕ್ಕೆ ಹಿತವಾಯಿತು. ಅಜ್ಜಿಯನ್ನು ಒತ್ತಿದರೆ ಅವಳು ಬಗ್ಗಿ ನಮಸ್ಕಾರ ಮಾಡಿದಳು. ಆ ಮನೆಯಲ್ಲಿ ಅವನಿಗೆ ನಮಸ್ಕಾರ ಮಾಡಿದವಳು ಅವಳೊಬ್ಬಳೇ.

ಅಡುಗೆಯ ಉಚ್ಚೆಂಗಮ್ಮ ಮಜ್ಜಿಗೆ ತಂದವಳು ಲೋಟ ಕೈಯಲ್ಲೇ ಹಿಡಿದು ನಿಂತಳು. "ಇಷ್ಟ ಹುಲ್ಲೇನೋ ತಮ್ಮ? ಧಣಿ ಮನಿ ಆಕಳು ಅರೆಹೊಟ್ಟಿ ಇರಬೇಕೇನು? ಕೊಡಿಲ್ಲಿ."

"ಯಕ್ಕಾ, ಬ್ಯಾಡ—"

ಉಚ್ಚೆಂಗಮ್ಮ ರೊಟ್ಟಿ ತಟ್ಟುವ ಕೈಯಿಂದ ಇಲಿಯನ್ನು ತಟ್ಟಿದಳು. ಹನ್ನೆರಡು ಹೊರೆ ಬಿತ್ತು. ಹುಡುಗಿ ಕೂಡಿಟ್ಟಿದ್ದ ಆಟದ ದುಡ್ಡೆಲ್ಲ ಹುಲ್ಲಿಗೇ ಹೋಯಿತು. ಆಕಳು ತಿಂದು ತಿಂದು ಉಬ್ಬಿ, ನಾಲ್ಕೂ ಕಾಲು ಮೇಲೆ ಮಾಡಿ ಉರುಳಿತು.

ಅಷ್ಟರಲ್ಲಿ ಹಂಪಯ್ಯ ಬಂದ. "ಅಮ್ಮಾರನ್ನ ಕಂಪ್ಲಿಗೆ ಬಿಟ್ಟು ಬಂದೆ. ಧಣಿ ಮಾತ್ರ ಕಮಲಾಪುರದಾಗ ಇಳಿದು ಬ್ಯಾರೆ ಜೀಪು ಹತ್ತಿದ್ರು, ಏನೋ ಅರ್ಜೆಂಟ್ ಅಂತ" ಎಂದ. ಆಕಳು ಸಾಯುತ್ತಿರುವಾಗ ಧಣಿ ಯಾವ ಜೀಪು ಹತ್ತಿದರೆ ಯಾರಿಗೇನು? ಯಾರೂ ಕೇಳಿಸಿಕೊಳ್ಳಲಿಲ್ಲ.

ಹಂಪಯ್ಯ ಲಾರಿಗಳ ಹಿಂದಿನ ಬರಹ ಓದಿ ಇಂಗ್ಲಿಷ್ ಕಲಿತವನು. ಪರದೆ ನೋಡಿ, "ಡಾಕ್ಟರ್ ಬಂದಾನ. ಫೀಸ್ ಕೇಳಾಕ ಹತ್ಯಾನ" ಎಂದ. "ಚೀಲ ಖಾಲಿ ಐತಿ. ಆದ್ರ ಇಲ್ಲೊಂದು ಗುದ್ದಲಿ ಐತಿ, ಹಿಂದ ಗುಡ್ಡ ಐತಿ. ಸಂಡೂರ್ ಸೀಮ್ಯಾಗ ಹುಟ್ಟಿ, ಗುಡ್ಡ ಇಟ್ಕೊಂಡು ಬಡತನ ಅಂತೀಯಲ್ಲಲೇ!"

"ಗುಡ್ಡ ಮುಟ್ಟಬ್ಯಾಡೋ. ಊರು ಹೆಂಗೈತೋ ಹಂಗ ಇರಬೇಕಂತ."

"ಒಂದು ಮೂಲಿ ಅಷ್ಟ. ಯಾರಿಗೆ ಗೊತ್ತಾಗತೈತಿ?"

ಒಂದು ಮೂಲೆ ಅಂತಲೇ ಎಲ್ಲ ಗುಡ್ಡಗಳ ಕತೆ ಸುರುವಾಗುವುದು. ಮೂಕಣ್ಣ ಇಲಿ ಹಿಡಿದು ಬೆಟ್ಟ ಅಗೆದ. ಠಣ್ ಎಂದು ಕೆಂಪು ಕಲ್ಲು ಉರುಳಿತು, ಅಂಗಡಿಯವನು ಕೊಂಡ, ಡಾಕ್ಟರು ಸೂಜಿ ಚುಚ್ಚಿದ, ಆಕಳು ಎದ್ದು ನಿಂತಿತು. ಅಲ್ಲಿಗೆ ಬಿಡಬೇಕಿತ್ತು. ಆದರೆ ಉಚ್ಚೆಂಗಮ್ಮನಿಗೆ ಅಜ್ಜಿಯ ಮನೆಗೆ ಹೊಸ ಹೆಂಚು ಹಾಕಿಸಬೇಕೆನಿಸಿತು. ಹಂಪಯ್ಯನಿಗೆ ಆಟದ ಅಂಗಡಿಯಲ್ಲಿ ಒಂದು ಪುಟ್ಟ ಲಾರಿ ಕಂಡಿತು. ಒಬ್ಬರ ಕೈ ಸೋತರೆ ಇನ್ನೊಬ್ಬರು ಅಗೆದರು. ಮೂಕಣ್ಣನಿಗೂ, ಸುಳ್ಳೇಕೆ ಹೇಳಬೇಕು, ಆ ಠಣ್ ಶಬ್ದದ ರುಚಿ ಹತ್ತಿತ್ತು. ಧಣಿಗಳಿಗೆ ನಿದ್ದೆ ಯಾಕೆ ಬರುವುದಿಲ್ಲ ಎಂದು ಅವನಿಗೆ ಆಗ ಅರ್ಥವಾಯಿತು.

ಮೂರು ಗಂಟೆಗೆ ಗುಡ್ಡ ಇರಲಿಲ್ಲ. ಗುಡ್ಡದಿಂದ ಇಳಿಯುತ್ತಿದ್ದ ಹಳ್ಳವೂ ಇರಲಿಲ್ಲ. ಬಾತುಕೋಳಿಗಳು ಕೆಸರಲ್ಲಿ ಕೂತಿದ್ದವು, ಮೂಲಂಗಿ ಹಳದಿಯಾಗಿತ್ತು, ಬೆಳಿಗ್ಗೆಯಿಂದ ಬರುತ್ತಿದ್ದ ಸಂಗೀತ ನಿಂತಿತ್ತು. ಹೊಸ ಹೆಂಚಿನ ಮನೆಯಿಂದ ಅಜ್ಜಿ ಒಂದು ಗಂಟು ಹೊತ್ತು ಹೊರಗೆ ಬಂದಳು. ರಸ್ತೆಗೆ ಬಂದು ನಿಂತು, ಈ ಕಡೆ ತಿರುಗಿ ಬಗ್ಗಿದಳು. ಅವಳ ತಲೆಯ ಮೇಲೆ ಅಕ್ಷರ ಮೂಡಿತು.

"ಗುಡ್... ಬೈ" ಎಂದು ಓದಿದ ಹಂಪಯ್ಯ.

"ಹೋಗಬ್ಯಾಡವ್ವ ಯಮ್ಮಾ! ಉಪ್ಪಿಟ್ಟು ಮಾಡಿಕೊಡ್ತೀನಿ, ಕುಂದರು!" ಎಂದು ಉಚ್ಚೆಂಗಮ್ಮ ಪರದೆ ಬಡಿದಳು. ಅಜ್ಜಿ ಹೊರಟೇ ಹೋದಳು.

ಮೂಕಣ್ಣ ಇಲಿಯನ್ನು ಕೈಬಿಟ್ಟ. ಈ ಊರು ಹೋದರೆ ತನ್ನ ಮನೆ ಹೋಯಿತು, ಬಾವಿ ಹೋಯಿತು ಎಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಆ ಮುದುಕಿಯ ಗಂಟು. ಒಬ್ಬಳನ್ನು ಮನೆ ಬಿಡಿಸಿದ ಪಾಪ, ಬೊಂಬೆಯಾದರೂ ಪಾಪವೇ ಎನಿಸಿತು. ಹಂಪಯ್ಯ, "ಅಮ್ಮಾರನ್ನ ಕರಕೊಂಡು ಬರ್ತೀನಿ" ಎಂದು ಮೆಲ್ಲಗೆ ಜಾರಿಕೊಂಡ.

"ಹುಡುಗಿ ಹೋಗಾಗ ಮತ್ತೇನರ ಹೇಳಿದ್ಲೇನು? ನೆನಪು ಮಾಡ್ಕೋ" ಎಂದಳು ಉಚ್ಚೆಂಗಮ್ಮ.

"ಸೇವ್ ಮಾಡೂದು ಮರೀಬ್ಯಾಡ್ರಿ ಅಂದ್ಲು."

"ಅದನ್ನರ ಮಾಡಿಸ್ಕೋ ಹೋಗು! ಮಾರಿ ಸ್ವಚ್ಛ ಇದ್ರ ಬೈಗಳ ಎರಡು ಕಡಿಮಿ ಬೀಳ್ತಾವು."

ಮೂಲೆಯ ಕ್ಷೌರದಂಗಡಿಯ ಅಂಜಿನಯ್ಯ ಗಲ್ಲಕ್ಕೆ ಸೋಪು ಹಚ್ಚಿ ಕೇಳಿದ: "ನುಣ್ಣಗ ಮಾಡ್ಲೇನಣ್ಣ?"

"ಮಾಡಪಾ. ಹೆಂಗೂ ಇವತ್ತ ತಲೀನ ಹೋಗೂದೈತಿ."

ಕತ್ತಿ ಗಂಟಲ ಬಳಿ ಇದ್ದಾಗ ಮೇಲಿನ ಫ್ಯಾನು ನಿಂತಿತು. ಇಡೀ ಓಣಿಯ ಕರೆಂಟು ಹೋಗಿತ್ತು. ಮೂಕಣ್ಣ ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಓಡಿ ಬಂದು ನೋಡಿದರೆ ಕಂಪ್ಯೂಟರು ಕಪ್ಪಗಿತ್ತು. ಅಳಿದುಳಿದ ಆಕಳೂ ಹೋಯಿತೆಂದು ಅವನು ನೆಲದ ಮೇಲೆ ಕುಸಿದು ಕೂತ.

ಐದಕ್ಕೆ ಕರೆಂಟೂ ಬಂತು, ಐಶ್ವರ್ಯಳೂ ಬಂದಳು. ಅವಳು ಗುಂಡಿ ಒತ್ತುವಾಗ ಮೂಕಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಸಂಗೀತ ಬಂತು. ಅಂಬಾ ಎಂಬ ದನಿ ಬಂತು. ಕಣ್ಣು ತೆರೆದರೆ ಗುಡ್ಡ ಇದ್ದಲ್ಲೇ ಇತ್ತು. ಹಳ್ಳದಲ್ಲಿ ನೀರು, ನೀರಲ್ಲಿ ಆರು ಬಾತುಕೋಳಿ. ಹಳೆಯ ಹೆಂಚಿನ ಮನೆಯ ಮುಂದೆ ಅಜ್ಜಿ ಕಸ ಗುಡಿಸುತ್ತಿದ್ದಳು.

"ಅಯ್ಯ, ಅಂಕಲ್! ನೀವು ಸೇವ್ ಮಾಡೇ ಇಲ್ಲ!"

ಮೂಕಣ್ಣ ಗಲ್ಲ ಮುಂದೆ ಮಾಡಿದ. "ಮಾಡಿಸೀನವ್ವ. ಬೇಕಂದ್ರ ಮುಟ್ಟಿ ನೋಡು."

ಐಶ್ವರ್ಯ ನಕ್ಕು ನಕ್ಕು ಕೆಳಗೆ ಕೂತಳು. "ಅದಲ್ಲ ಅಂಕಲ್! ಸೇವ್ ಅಂದ್ರ ಮಾಡಿದ್ದನ್ನ ಉಳಸೂದು. ಸೇವ್ ಮಾಡಲಿಲ್ಲಂದ್ರ ಏನೂ ಆಗೇ ಇಲ್ಲ ಅಂದಂಗ. ಮುಂಜಾನಿ ಹೆಂಗಿತ್ತೋ ಹಂಗ ಇರತೈತಿ."

ಮೂಕಣ್ಣನಿಗೆ ಕುಣಿಯಬೇಕೆನಿಸಿತು. ಇಲಿಯ ಬಳಿಕ ಅವನು ಆ ದಿನ ಕಲಿತ ಎರಡನೆಯ ಇಂಗ್ಲಿಷ್ ಪದ ಅದು, ಎಷ್ಟು ಚೆಂದದ ಪದ.

ದೊಡ್ಡಬಸಪ್ಪನವರು ಬೇರೆ ಜೀಪಿನಲ್ಲಿ ಬಂದು ಇಳಿದರು. ಸೀಮಂತಕ್ಕೆ ಉಟ್ಟ ಬಿಳಿ ಪಂಚೆ ಮೊಣಕಾಲಿನವರೆಗೆ ಕೆಂಪಾಗಿತ್ತು. "ಊರು ಹೆಂಗೈತಿ ಮೂಕಣ್ಣ?"

"ಹೆಂಗಿತ್ತೋ ಹಂಗ ಐತ್ರಿ ಧಣಿ."

"ಶಾಭಾಸ್. ನಾನೂ ಮಾತು ನಡಿಸೀನಿ. ಗೆರಿ ಎಲ್ಲಾ ಸರಿ ಮಾಡಿಸಿಬಿಟ್ಟೆ. ನಕ್ಷೆದಾಗ ಈಗ ನಿನ್ನ ಮನೀನ ಇಲ್ಲ ನೋಡು."

ಮೂಕಣ್ಣನ ಕಣ್ಣು ತುಂಬಿತು. ಬಗ್ಗಿ ಅವರ ಕಾಲು ಮುಟ್ಟಿ, ಕೈಗೆ ಹತ್ತಿದ ಕೆಂಪು ದೂಳನ್ನು ಹಣೆಗೆ ಒತ್ತಿಕೊಂಡ.

ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ಅವನು ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಎಂಟು ದಿನದ ಹೊರಸನ್ನು ಇನ್ನು ಒಳಗೆ ಹಾಕಬಹುದು, ನಾಳೆ ಕೆಲಸಕ್ಕೆ ಹೋಗಬಹುದು. ಇಲಿಯ ಕತೆ ಹೇಳಿದರೆ ಚಂದ್ರಕಲಾ ನಕ್ಕಾಳು, ಅವಳು ನಕ್ಕು ಬಹಳ ದಿನವಾಗಿತ್ತು.

ಚಂದ್ರಕಲಾ ರಸ್ತೆಯ ಮೈಲಿಗಲ್ಲಿನ ಬಳಿ ಕೂತಿದ್ದಳು. ಪಕ್ಕದಲ್ಲಿ ಒಂದು ಗಂಟು, ಎರಡು ಕೊಡ, ಕಾಲು ಮುರಿದ ಹೊರಸು. ಬಸ್ಸು ಸರಿದ ಮೇಲೆ ಅವಳ ಹಿಂದಿನದು ಕಂಡಿತು. ಮನೆ ಇದ್ದಲ್ಲಿ, ಬಾವಿ ಇದ್ದಲ್ಲಿ, ಕೆಂಪು ನೆಲ ಮಟ್ಟಸವಾಗಿತ್ತು. ಜೆಸಿಬಿಯವನು ಕೆಲಸ ಮುಗಿಸಿ ಬೀಡಿ ಹಚ್ಚುತ್ತಿದ್ದ.

"ಹನ್ನೊಂದಕ್ಕ ಬಂದ್ರು, ಧಣೀನ ಮುಂದ ನಿಂತಿದ್ದ" ಎಂದಳು ಚಂದ್ರಕಲಾ. ಅತ್ತು ಮುಗಿಸಿದ ದನಿ. "ನನ್ನ ಗಂಡ ಸತ್ರೂ ಸಹಿ ಹಾಕಂಗಿಲ್ಲ ಅಂದೆ. ಇದನ್ನ ಕೈಯಾಗ ಕೊಟ್ರು."

ಜೆರಾಕ್ಸ್ ಪ್ರತಿ. ಮೇಲೆಲ್ಲ ಇಂಗ್ಲಿಷು. ಕೆಳಗೆ, ನಗುತ್ತ ಹಾಕಿದ್ದರಿಂದಲೋ ಏನೋ ಎಂದಿಗಿಂತ ದುಂಡಗೆ, ಅವನದೇ ಸಹಿ. ಆಫೀಸ್ ಕಾಪಿ.

ಮೂಕಣ್ಣ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಮತ್ತೆ ತೆರೆದ. ಕೆಂಪು ನೆಲ ಹಾಗೇ ಇತ್ತು.

"ಸೇವ್ ಮಾಡ್ಯಾರೇನು?" ಎಂದು ಕೇಳಿದ.

ಚಂದ್ರಕಲಾ ಹೊಸದಾಗಿ ಬೋಳಿಸಿದ ಅವನ ಗಲ್ಲ ನೋಡಿದಳು. ಆಮೇಲೆ ತಿರುಗಿ ಯಾರ್ಡಿನ ಕಡೆ ನೋಡಿದಳು.

"ಹೂಂ" ಎಂದಳು. "ನುಣ್ಣಗ ಮಾಡ್ಯಾರ."